ಐದು ಸಲ ಹಾರ್ನ್ ಹೊಡೆದರೆ...

ಹಡಗಿನ ಹಾರ್ನ್ ಹತ್ತಿರದಲ್ಲಿ ಹೊಡೆದರೆ ಮೊದಲು ಎದೆಗೂಡು ಅದುರುತ್ತದೆ, ಕಿವಿಗೆ ಆಮೇಲೆ ಗೊತ್ತಾಗುತ್ತದೆ. ಕಳೆದ ಜುಲೈನ ಒಂದು ಸಂಜೆ ನನಗೆ ಹಾಗೇ ಆಯಿತು. ಚಿಕ್ಕ ಚಿಕ್ಕದಾಗಿ, ಒಂದರ ಹಿಂದೆ ಒಂದು, ಐದು ಸಲ. ತಿರುಗಿ ನೋಡಿದರೆ ಕಂಟೇನರ್ ತುಂಬಿದ ಹಡಗೊಂದು ಇಡೀ ಅಪಾರ್ಟ್‌ಮೆಂಟ್ ಕಟ್ಟಡವೇ ಎದ್ದು ಬಂದ ಹಾಗೆ ಬರುತ್ತಿತ್ತು. ಅದರ ದಾರಿಯಲ್ಲಿ, ಗಾಳಿ ಸತ್ತು ಹಾಯಿ ಜೋತುಬಿದ್ದ ಒಂದು ಪುಟ್ಟ ದೋಣಿ. ಒಳಗೆ ಹದಿನಾರರ ಆಸುಪಾಸಿನ ಇಬ್ಬರು ಹುಡುಗರು. ಅವರನ್ನು ಕಾಯುವ ಕೆಲಸ ನನ್ನದಾಗಿತ್ತು.

ನಾನು ಮಂಗಳೂರಿನ ಬೆಂಗ್ರೆಯವಳು. ಅಪ್ಪ ಟ್ರಾಲ್ ಬೋಟಿನ ತಂಡೇಲ. ಬಿ.ಇ. ಮುಗಿಸಿ, ಬ್ಯಾಂಕ್ ಸಾಲ ಮಾಡಿ, ಹಡಗು ಎಂಜಿನಿಯರಿಂಗ್ ಓದಲು ಇಂಗ್ಲೆಂಡಿನ ಸೌತಾಂಪ್ಟನ್‌ಗೆ ಬಂದೆ. ಬೋಟಿನ ಮನೆಯವಳು ಎಂಬ ಧೈರ್ಯಕ್ಕೆ ಇಲ್ಲಿನ ಒಂದು ಸಣ್ಣ ಸೇಲಿಂಗ್ ಕ್ಲಬ್‌ನಲ್ಲಿ ಸ್ವಯಂಸೇವಕಿಯಾಗಿ ಸೇರಿಕೊಂಡೆ. ರೆಸ್ಯುಮೆಗೆ ಒಂದು ಸಾಲು ಸಿಕ್ಕೀತು ಎಂಬ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಎರಡು ದಿನದ ಪವರ್‌ಬೋಟ್ ಕೋರ್ಸ್ ಮಾಡಿದ ಮೇಲೆ ರೇಸ್ ನಡೆಯುವಾಗ ಸುತ್ತ ಓಡಾಡುವ ಸೇಫ್ಟಿ ಬೋಟನ್ನು ನನ್ನ ಕೈಗೆ ಕೊಟ್ಟರು. ಗಾಳಿ ತುಂಬಿದ ರಬ್ಬರ್ ಬದಿಯ, ಹಿಂದೆ ಔಟ್‌ಬೋರ್ಡ್ ಎಂಜಿನ್ ಇರುವ ಬೋಟು. ನೆರೆ ಬಂದಾಗ ಎನ್‌ಡಿಆರ್‌ಎಫ್‌ನವರು ತರುತ್ತಾರಲ್ಲ, ಹೆಚ್ಚುಕಡಿಮೆ ಅಂಥದ್ದೇ.

ಹಾಯಿದೋಣಿಗಳ ರೇಸನ್ನು ನೀವು ಟಿವಿಯಲ್ಲಿ ಒಲಿಂಪಿಕ್ಸ್ ಸಮಯದಲ್ಲಿ ನೋಡಿರಬಹುದು. ಓಟದ ಟ್ರ್ಯಾಕ್ ಹಾಗೆ ಅಲ್ಲಿ ಗೆರೆ ಎಳೆದಿರುವುದಿಲ್ಲ. ನೀರಿನ ಮೇಲೆ ಮೂರು ನಾಲ್ಕು ಬೋಯ್ ತೇಲಿಬಿಟ್ಟು ಅವನ್ನು ಸುತ್ತಿ ಬರಬೇಕು. ಶುರುವಾಗುವ ಐದು ನಿಮಿಷ ಮೊದಲು ಒಂದು ಬಾವುಟ, ನಾಲ್ಕು ನಿಮಿಷಕ್ಕೆ ಇನ್ನೊಂದು, ಒಂದು ನಿಮಿಷ ಇದ್ದಾಗ ಅದು ಇಳಿಯುತ್ತದೆ, ಆಮೇಲೆ ಹೊರಡಬೇಕು. ಗೆರೆಯ ಹಿಂದೆ ಮೂವತ್ತು ನಲವತ್ತು ದೋಣಿ ಒಂದಕ್ಕೊಂದು ಉಜ್ಜಿಕೊಂಡು ಸುತ್ತುತ್ತಿರುತ್ತವೆ. ಬೆಳಿಗ್ಗೆ ಎಂಟೂವರೆಗೆ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್ ಇದ್ದ ಹಾಗೆ. ವ್ಯತ್ಯಾಸ ಏನೆಂದರೆ ಇಲ್ಲಿ ಯಾವ ಬಸ್ಸಿಗೂ ಬ್ರೇಕ್ ಇಲ್ಲ.

ಅವರವರ ನಡುವೆ ಯಾರು ಯಾರಿಗೆ ದಾರಿ ಬಿಡಬೇಕು ಎಂಬುದಕ್ಕೆ ರೇಸಿನದೇ ನಿಯಮಪುಸ್ತಕ ಉಂಟು. ಎದುರಾದ ಎರಡು ದೋಣಿಗಳಲ್ಲಿ ಯಾವುದಕ್ಕೆ ಗಾಳಿ ಎಡಬದಿಯಿಂದ ಬೀಸುತ್ತದೋ ಅದು ದಾರಿ ಬಿಡಬೇಕು, ಬಲಬದಿಯಿಂದ ಬೀಸುವ ದೋಣಿ ನೇರ ಹೋಗಬಹುದು. ಆದರೆ ರೇಸಿನ ಹೊರಗಿನ ಹಡಗೋ, ಫೆರಿಯೋ, ಮೀನಿನ ಬೋಟೋ ಎದುರಾದ ಕೂಡಲೇ ಈ ಪುಸ್ತಕ ಮುಚ್ಚಿತು. ಅಲ್ಲಿಂದ ಮುಂದೆ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳು, ಅಂದರೆ ಎಲ್ಲರೂ ಕೋಲ್‌ರೆಗ್ಸ್ ಎಂದು ಕರೆಯುವ 1972ರ ನಿಯಮಗಳು. ಇದನ್ನು ರೇಸಿನ ಪುಸ್ತಕವೇ ಹೇಳುತ್ತದೆ. ಟ್ಯಾಂಕರಿನ ಕ್ಯಾಪ್ಟನ್‌ಗೆ ನೀವು ಮೊದಲ ಸ್ಥಾನದಲ್ಲಿದ್ದೀರಿ ಎಂದು ಹೇಗೆ ಗೊತ್ತಾಗಬೇಕು?

ಈ ಕೋಲ್‌ರೆಗ್ಸ್‌ನಲ್ಲಿ ಎಲ್ಲರಿಗೂ ಬಾಯಿಪಾಠ ಬರುವ ಒಂದು ಸಾಲು ಉಂಟು. ಎಂಜಿನ್ ಇರುವುದು ಹಾಯಿಗೆ ದಾರಿ ಬಿಡಬೇಕು. ನಿಯಮ 18ರಲ್ಲಿ ಅದು ಇರುವುದು ನಿಜ. ಹಾಯಿದೋಣಿಯವರಿಗೆ ಕೇಳಲು ಬಹಳ ಹಿತವಾದ ಸಾಲು. ಅದೇ ಪುಸ್ತಕದಲ್ಲಿ ಒಂಬತ್ತು ನಿಯಮ ಹಿಂದೆ ಹೋದರೆ ಇನ್ನೊಂದು ಸಿಗುತ್ತದೆ. ಕಿರಿದಾದ ಚಾನೆಲ್‌ನಲ್ಲಿ ಮಾತ್ರ ಸುರಕ್ಷಿತವಾಗಿ ಸಾಗಬಲ್ಲ ಹಡಗಿಗೆ, 20 ಮೀಟರಿಗಿಂತ ಚಿಕ್ಕ ದೋಣಿಯಾಗಲಿ ಯಾವುದೇ ಹಾಯಿದೋಣಿಯಾಗಲಿ ಅಡ್ಡ ಬರಬಾರದು. ನಿಯಮ 18 ಶುರುವಾಗುವುದೇ ‘ನಿಯಮ 9 ಬೇರೆ ಹೇಳಿದಲ್ಲಿ ಹೊರತುಪಡಿಸಿ’ ಎಂಬ ಅರ್ಥದ ಮಾತಿನಿಂದ. ನಾವು ಪರೀಕ್ಷೆಗೆ ಓದುವಾಗ ಅಂಥ ಮಾತನ್ನೆಲ್ಲ ಹಾರಿಸಿಬಿಡುತ್ತೇವೆ.

ಸೌತಾಂಪ್ಟನ್‌ನಲ್ಲಿ ಈ 9ನೇ ನಿಯಮಕ್ಕೆ ಯಾಕೆ ಇಷ್ಟು ಬೆಲೆ ಎಂದು ತಿಳಿಯಲು ನಕ್ಷೆ ನೋಡಬೇಕು. ಊರಿನ ಮುಂದೆ ಉದ್ದನೆಯ ಅಳಿವೆ, ಅದು ಹೋಗಿ ಸೇರುವುದು ಐಲ್ ಆಫ್ ವೈಟ್ ದ್ವೀಪಕ್ಕೂ ಇಂಗ್ಲೆಂಡಿನ ದಡಕ್ಕೂ ನಡುವಿನ ಸೊಲೆಂಟ್ ಎಂಬ ಜಲಸಂಧಿಗೆ. ನೋಡಲು ಎಲ್ಲ ಕಡೆ ಒಂದೇ ನೀರು. ಆದರೆ ನಡುವೆ ಬ್ರ್ಯಾಂಬಲ್ ಬ್ಯಾಂಕ್ ಎಂಬ ಮರಳುದಿಬ್ಬ ಮುಳುಗಿ ಕೂತಿದೆ. ವರ್ಷಕ್ಕೊಮ್ಮೆ ಇಳಿತ ತುಂಬಾ ಆದಾಗ ಅದು ಮೇಲೆ ಬರುತ್ತದೆ, ಆಗ ಇಲ್ಲಿನವರು ದೋಣಿಯಲ್ಲಿ ಹೋಗಿ ಅದರ ಮೇಲೆ ಕ್ರಿಕೆಟ್ ಆಡುತ್ತಾರೆ. ತಮಾಷೆಯಲ್ಲ, ನಿಜವಾಗಿ ಆಡುತ್ತಾರೆ. ದೊಡ್ಡ ಹಡಗುಗಳು ಈ ದಿಬ್ಬವನ್ನು ಬಳಸಿ ಆಳ ಇರುವ ಒಂದೇ ದಾರಿಯಲ್ಲಿ ಎರಡು ಕಡೆ ಕಡಿದಾಗಿ ತಿರುಗಬೇಕು. ತಿರುಗುವಾಗ ಎದುರಿಗೆ ಯಾರೋ ಬಂದರೆಂದು ಪಕ್ಕಕ್ಕೆ ಸರಿಯುವ ಹಾಗಿಲ್ಲ, ಸರಿದರೆ ಮರಳು.

ಇದೇ ನೀರಿನಲ್ಲಿ ಪ್ರತಿವರ್ಷ ಆಗಸ್ಟ್ ಸುಮಾರಿಗೆ ಕೌಸ್ ವೀಕ್ ಎಂಬ ರೇಸಿನ ಹಬ್ಬ. 1826ರಲ್ಲಿ ಶುರುವಾದದ್ದು, ನೂರಾರು ಹಾಯಿದೋಣಿ ಬರುತ್ತವೆ. ಹಾಗೆಂದು ಬಂದರು ಮುಚ್ಚುವುದಿಲ್ಲ. ತೈಲದ ಟ್ಯಾಂಕರು, ಕಂಟೇನರು, ಕ್ರೂಸು, ದ್ವೀಪಕ್ಕೆ ಹೋಗುವ ಫೆರಿ ಎಲ್ಲವೂ ಎಂದಿನಂತೆ. ಹಾಗಾಗಿ ಇಲ್ಲಿನ ಬಂದರಿನವರು ಒಂದು ನಿಯಮ ಮಾಡಿದ್ದಾರೆ. ಸೊಲೆಂಟ್‌ನ ಗೊತ್ತುಪಡಿಸಿದ ಭಾಗದಲ್ಲಿ 150 ಮೀಟರಿಗಿಂತ ಉದ್ದದ ಹಡಗು ಸಾಗುವಾಗ ಅದರ ಮುಂದೆ 1,000 ಮೀಟರ್, ಎಡಬಲಕ್ಕೆ 100 ಮೀಟರ್ ಜಾಗಕ್ಕೆ ಸಣ್ಣ ದೋಣಿಗಳು ಕಾಲಿಡುವಂತಿಲ್ಲ. ಹಡಗು ಸರಿದ ಹಾಗೆ ಈ ನಿಷೇಧಿತ ವಲಯವೂ ಸರಿಯುತ್ತದೆ. ಮುಂದೆ ಬಂದರಿನ ಗಸ್ತು ಬೋಟು ನೀಲಿ ದೀಪ ಹಾಕಿಕೊಂಡು ದಾರಿ ಬಿಡಿಸುತ್ತಾ ಹೋಗುತ್ತದೆ.

ಆ ಸಾವಿರ ಮೀಟರ್ ಯಾಕೆಂದು ನನಗೆ ಅರ್ಥವಾದದ್ದು ಹಡಗಿನ ವಿನ್ಯಾಸದ ಕ್ಲಾಸಿನಲ್ಲಿ. ಕಂಟೇನರ್ ಹಡಗನ್ನು ನಡೆಸುವ ಕೋಣೆ ಮೂತಿಯಿಂದ ಬಹಳ ಹಿಂದೆ ಇರುತ್ತದೆ, ಎದುರಿಗೆ ಕಂಟೇನರಿನ ರಾಶಿ. ಅಂತರರಾಷ್ಟ್ರೀಯ ಸೋಲಾಸ್ ನಿಯಮದ ಪ್ರಕಾರವೇ, ಮೂತಿಯ ಮುಂದೆ ಹಡಗಿನ ಎರಡು ಪಟ್ಟು ಉದ್ದ ಅಥವಾ 500 ಮೀಟರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ದೂರದ ನೀರು ಕಾಣದೇ ಇದ್ದರೂ ಅಡ್ಡಿಯಿಲ್ಲ. ಐನೂರು ಮೀಟರ್ ಕಾಣದಿದ್ದರೂ ಹಡಗು ಪಾಸ್! ಮೊದಲ ಸಲ ಓದಿದಾಗ ಪ್ರಿಂಟಿಂಗ್ ಮಿಸ್ಟೇಕ್ ಇರಬೇಕು ಅಂದುಕೊಂಡೆ. ಅಷ್ಟು ಹತ್ತಿರ ಹೋದ ಡಿಂಗಿ, ಹಡಗಿನವರ ಮಟ್ಟಿಗೆ ಇಲ್ಲದ ಡಿಂಗಿ.

2011ರ ಆಗಸ್ಟ್ 6ರ ವಿಡಿಯೊ ಯುಟ್ಯೂಬ್‌ನಲ್ಲಿ ಈಗಲೂ ಸಿಗುತ್ತದೆ. ಕೌಸ್ ವೀಕ್‌ನ ಮೊದಲ ದಿನ. ಹನ್ನೆ ಕ್ನುಟ್ಸನ್ ಎಂಬ ಸುಮಾರು 1.2 ಲಕ್ಷ ಟನ್‌ನ ಟ್ಯಾಂಕರ್ ಬರುತ್ತಿದೆ. ರೇಸಿನಲ್ಲಿದ್ದ ಅಟಲಾಂಟಾ ಆಫ್ ಚೆಸ್ಟರ್ ಎಂಬ ಹತ್ತು ಮೀಟರ್ ಆಸುಪಾಸಿನ ಯಾಟ್ ಅದರ ಮೂತಿಯ ಮುಂದೆ ದಾಟಲು ಹೋಗುತ್ತದೆ. ಯಾಟಿನ ದೊಡ್ಡ ಬಣ್ಣದ ಹಾಯಿ ಟ್ಯಾಂಕರಿನ ಲಂಗರಿಗೆ ಸಿಕ್ಕಿಬೀಳುತ್ತದೆ, ಕಂಬ ಕಡ್ಡಿಯ ಹಾಗೆ ಮುರಿಯುತ್ತದೆ. ಒಬ್ಬ ನೀರಿಗೆ ಹಾರಿದ. ಯಾರೂ ಸಾಯಲಿಲ್ಲ ಎಂಬುದು ಪವಾಡವೇ. ಪ್ರಕರಣ ಕೋರ್ಟಿಗೆ ಹೋಗಿ 2013ರಲ್ಲಿ ಯಾಟಿನ ನಾಯಕನಿಗೆ 3,000 ಪೌಂಡ್ ದಂಡ, ಜೊತೆಗೆ 1 ಲಕ್ಷ ಪೌಂಡ್ ಕೋರ್ಟು ಖರ್ಚು. ಆತ ಅನುಭವ ಇಲ್ಲದ ಹುಡುಗನಲ್ಲ, ನೌಕಾಪಡೆಯ ಹಿನ್ನೆಲೆಯವರು. ಈ ವಿಡಿಯೊ ನೋಡಿ ನಾನೂ ನನ್ನ ರೂಮ್‌ಮೇಟೂ ‘ಅಷ್ಟು ದೊಡ್ಡ ಹಡಗು ಕಾಣಲಿಲ್ಲವಾ ಮಾರಾಯ’ ಎಂದು ನಕ್ಕಿದ್ದೆವು.

ಈಗ ನನ್ನ ಕಥೆಗೆ ಬರುತ್ತೇನೆ. ನಕ್ಕದ್ದಕ್ಕೆ ಸರಿಯಾಗಿ ಸಿಕ್ಕಿತು.

ಸೇಫ್ಟಿ ಬೋಟಿನಲ್ಲಿ ಎರಡು ರೇಡಿಯೊ ಇಟ್ಟಿರುತ್ತೇವೆ. ಒಂದು ಕ್ಲಬ್‌ನ ಚಾನೆಲ್‌ಗೆ, ಇನ್ನೊಂದು ಬಂದರಿನ 12ನೇ ಚಾನೆಲ್‌ಗೆ. ಯಾವ ಹಡಗು ಎಲ್ಲಿದೆ, ಎತ್ತ ಹೊರಟಿದೆ ಎಂದು ಎರಡನೆಯದರಲ್ಲಿ ಒಂದೇ ಸಮ ಮಾತು. ನನ್ನ ಜೊತೆಗೆ ಇದ್ದವರು ಎಪ್ಪತ್ತು ದಾಟಿದ, ಹೆಚ್ಚು ಮಾತಾಡದ ಒಬ್ಬ ನಿವೃತ್ತ ಮೇಷ್ಟ್ರು. ಆ ಸಂಜೆ ಗಾಳಿ ಬಿದ್ದುಹೋಯಿತು. ರೇಸ್ ಮೊಟಕು ಮಾಡುವ ಬಗ್ಗೆ ಕ್ಲಬ್ ಚಾನೆಲ್‌ನಲ್ಲಿ ಏನೋ ಹೇಳುತ್ತಿದ್ದರು, ಕೇಳಿಸಲಿಲ್ಲ. ನಾನು 12ರ ವಾಲ್ಯೂಮ್ ಇಳಿಸಿದೆ. ಆಮೇಲೆ ಏರಿಸಬೇಕೆಂಬುದು ಮರೆಯಿತು. ಅಷ್ಟೇ. ಅಷ್ಟರಲ್ಲಿ ಇಳಿತದ ಸೆಳೆತ ಹಿಂದುಳಿದ ಒಂದು ಡಿಂಗಿಯನ್ನು ಸದ್ದಿಲ್ಲದೆ ಚಾನೆಲ್‌ನ ಗಡಿಯ ಬೋಯ್ ದಾಟಿಸಿ ಒಳಗೆ ಎಳೆದುಕೊಂಡಿತ್ತು.

ಐದು ಸಲದ ಹಾರ್ನ್‌ಗೆ ಕೋಲ್‌ರೆಗ್ಸ್‌ನಲ್ಲಿ ಅರ್ಥ ಉಂಟು. ‘ನೀನು ಏನು ಮಾಡಲು ಹೊರಟಿದ್ದೀಯ ನನಗೆ ತಿಳಿಯುತ್ತಿಲ್ಲ, ಅಥವಾ ನೀನು ಮಾಡುತ್ತಿರುವುದು ಸಾಕಾಗುವುದಿಲ್ಲ.’ ಬೈಗುಳದ ಹಾಗೆ ಕೇಳಿದರೂ ನಿಜಕ್ಕೂ ಅದು ಪ್ರಶ್ನೆ. ಹಡಗು ಆಗ ಸುಮಾರು ಒಂದು ಕಿಲೋಮೀಟರ್ ದೂರ ಇದ್ದಿರಬೇಕು. ಲೆಕ್ಕ ಹಾಕಿ ನೋಡಿ, ಗಂಟೆಗೆ 12 ನಾಟಿಕಲ್ ಮೈಲು ವೇಗದಲ್ಲಿ ಬಂದರೆ ಆ ಒಂದು ಕಿಲೋಮೀಟರಿಗೆ ಮೂರು ನಿಮಿಷವೂ ಬೇಡ.

ನಾನು ಥ್ರಾಟಲ್ ಪೂರ್ತಿ ಒತ್ತಿದೆ. ಕೋರ್ಸಿನಲ್ಲಿ ಕಲಿಸಿದ್ದೆಲ್ಲ ತಲೆಯಿಂದ ಹಾರಿಹೋಯಿತು. ಹುಡುಗರ ಹತ್ತಿರ ಬಂದವಳೇ ಒಮ್ಮೆಲೇ ಬೋಟು ತಿರುಗಿಸಿದೆ. ನಮ್ಮ ಬೋಟು ಎಬ್ಬಿಸಿದ ಅಲೆ ಅವರ ಡಿಂಗಿಗೆ ಬಡಿದು ಅದು ಮಗುಚಿತು. ಕಾಪಾಡಲು ಹೋದವಳೇ ಅವರನ್ನು ನೀರಿಗೆ ಹಾಕಿದೆ. ಮೇಷ್ಟ್ರು ನನ್ನ ಮೊಣಕೈ ಹಿಡಿದು, ಗದರದೆ, ‘ನಿಧಾನ. ಮೊದಲು ಅವರ ತಲೆ ಎಣಿಸು’ ಎಂದರು. ಎರಡು ತಲೆ ಕಾಣಿಸಿತು. ಎರಡೂ ಲೈಫ್‌ಜಾಕೆಟ್ ಕಾಣಿಸಿತು. ಗಾಳಿಗೆ ಎದುರು ಮುಖ ಮಾಡಿ ಹತ್ತಿರ ಸರಿಸಿ, ಕೈಗೆಟುಕುವ ಮೊದಲು ಎಂಜಿನ್ ಆಫ್ ಮಾಡಿದೆ. ನೀರಿನಲ್ಲಿ ಮನುಷ್ಯರಿದ್ದಾಗ ಪ್ರೊಪೆಲ್ಲರ್ ತಿರುಗುತ್ತಿರಬಾರದು, ಅದೊಂದು ಮಾತ್ರ ನೆನಪಿತ್ತು.

ಅದು ನೆನಪಿದ್ದದ್ದಕ್ಕೂ ಒಂದು ಕಾರಣ ಉಂಟು. 2013ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಪ್ಯಾಡ್‌ಸ್ಟೋ ಎಂಬಲ್ಲಿ ಇಂಥದೇ ಬೋಟಿನಿಂದ ಒಂದು ಕುಟುಂಬದ ಆರೂ ಮಂದಿ ನೀರಿಗೆ ಎಸೆಯಲ್ಪಟ್ಟರು. ಓಡಿಸುವವರಿಲ್ಲದ ಬೋಟು ಸುತ್ತು ಹೊಡೆಯುತ್ತಾ ಅವರ ಮೇಲೆಯೇ ಹಾಯಿತು. ತಂದೆಯೂ ಎಂಟು ವರ್ಷದ ಮಗಳೂ ತೀರಿಕೊಂಡರು. ಬೋಟು ಓಡಿಸುವವರ ತೊಡೆಗೋ ಕಾಲಿಗೋ ಸುತ್ತಿಕೊಳ್ಳುವ ಕೆಂಪು ಸುರುಳಿ ಹಗ್ಗ ಇರುತ್ತದೆ, ಕಿಲ್ ಕಾರ್ಡ್ ಅಂತ. ಬಿದ್ದರೆ ಅದು ಕಿತ್ತು ಬಂದು ಎಂಜಿನ್ ನಿಲ್ಲುತ್ತದೆ. ಆ ದಿನ ಅದನ್ನು ಕಟ್ಟಿಕೊಂಡಿರಲಿಲ್ಲ. ಕೋರ್ಸಿನ ಮೊದಲ ಗಂಟೆಯಲ್ಲೇ ಈ ಘಟನೆ ಹೇಳಿ, ಹಗ್ಗ ಕೈಗೆ ಕೊಟ್ಟಿದ್ದರು. ಇವತ್ತಿಗೂ ಅದನ್ನು ಸುತ್ತಿಕೊಳ್ಳದೆ ನಾನು ಕೀಲಿಯನ್ನೂ ಮುಟ್ಟುವುದಿಲ್ಲ.

ಹುಡುಗರನ್ನು ಒಬ್ಬೊಬ್ಬರಾಗಿ ಬದಿಯ ಮೇಲೆ ಎಳೆದುಕೊಂಡೆವು. ಚಿಕ್ಕವನು ದೋಣಿಯ ಹಗ್ಗ ಬಿಡಲಿಲ್ಲ, ‘ಅಪ್ಪನ ದೋಣಿ’ ಎಂದು ಅಳುತ್ತಿದ್ದ. ಮೇಷ್ಟ್ರು ಅವನ ಕೈಯಿಂದ ಹಗ್ಗ ಬಿಡಿಸಿ ನೀರಿಗೆ ಬಿಟ್ಟರು. ನಾವು ನಿಧಾನಕ್ಕೆ ಚಾನೆಲ್ಲಿನ ಆಚೆ ಬಂದೆವು. ಗಸ್ತು ಬೋಟಿನ ನೀಲಿ ದೀಪ ಹೋಯಿತು, ಅದರ ಹಿಂದೆ ಹಡಗು. ತುಂಬಾ ಹೊತ್ತು ಗೋಡೆಯೊಂದು ಸರಿದು ಹೋದ ಹಾಗೆ. ಕೊನೆಗೆ ನೋಡಿದರೆ ಮಗುಚಿದ ಡಿಂಗಿ ಹಡಗಿನ ಅಲೆಗೆ ಒಂದು ಸುತ್ತು ತಿರುಗಿ ಹಾಗೇ ತೇಲುತ್ತಿತ್ತು, ಒಂದು ಗೀರೂ ಇಲ್ಲದೆ.

ದೊಡ್ಡ ಹುಡುಗ ನಡುಗುತ್ತಲೇ ಕೇಳಿದ, ‘ಆದರೆ ನಾವು ಹಾಯಿಯಲ್ಲಿ ಇದ್ದೆವಲ್ಲ, ಅವರೇ ದಾರಿ ಬಿಡಬೇಕಿತ್ತಲ್ಲ?’

ದಡದಲ್ಲಿ ರೇಸ್ ಅಧಿಕಾರಿ ಬೈಯುತ್ತಾರೆ, ಮನೆಗೆ ಕಳಿಸುತ್ತಾರೆ ಎಂದುಕೊಂಡಿದ್ದೆ. ಅವರು ಒಂದು ಫಾರಂ ಕೊಟ್ಟು, ‘ಏನಾಯಿತೋ ಅದನ್ನು ಕ್ರಮವಾಗಿ ಬರೆ, ರೇಡಿಯೊದ್ದೂ ಬರೆ’ ಎಂದರು. ಬರೆದೆ. ನಮ್ಮಲ್ಲಿ ಲ್ಯಾಬಿನಲ್ಲಿ ಬೀಕರ್ ಒಡೆದರೆ ಫೈನ್ ಕಟ್ಟಿ ಮುಚ್ಚಿಹಾಕುವುದು ರೂಢಿ. ತಪ್ಪನ್ನು ಹೆಸರು ಹಾಕಿ ಬರೆದು ಕೊಟ್ಟದ್ದು ನನಗೆ ಅದೇ ಮೊದಲು. ಮುಂದಿನ ವಾರದಿಂದ ಆ ಕ್ಲಬ್‌ನಲ್ಲಿ ಬಂದರಿನ ರೇಡಿಯೊ ಚಾಲಕರ ಕೈಯಲ್ಲಿಲ್ಲ. ಜೊತೆಗಿರುವವರ ಕಿವಿಗೆ ಸಿಕ್ಕಿಸುತ್ತಾರೆ.

ಮರುದಿನ ಅಪ್ಪನಿಗೆ ಫೋನ್ ಮಾಡಿದೆ. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆಗೆ ರಜೆಯಲ್ಲವಾ, ಬೋಟು ದಡದಲ್ಲಿತ್ತು, ಅವರು ಬಲೆ ಹೆಣೆಯುತ್ತಾ ಕೂತಿದ್ದರು. ಎಲ್ಲ ಕೇಳಿ, ‘ಹಡಗಿನವರಿಗೆ ನಾವು ಕಾಣುವುದೇ ಇಲ್ಲ ಮಗಾ. ಅದಕ್ಕೆ ಪುಸ್ತಕ ಯಾಕೆ ಓದಬೇಕು?’ ಎಂದರು.

ಅಪ್ಪ ಹಾಗೆ ಹೇಳಲು ಕಾರಣ ನನಗೆ ಗೊತ್ತು. 2021ರ ಏಪ್ರಿಲ್ 13ರ ನಸುಕಿನಲ್ಲಿ ಮಂಗಳೂರಿನಿಂದ 43 ನಾಟಿಕಲ್ ಮೈಲು ಆಚೆ, ಕೇರಳದ ಬೇಪೂರಿನಿಂದ ಬಂದಿದ್ದ ರಬಾಹ್ ಎಂಬ ಮೀನಿನ ಬೋಟಿಗೂ ಒಂದು ಸರಕು ಹಡಗಿಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದ 14 ಮಂದಿಯಲ್ಲಿ ಬದುಕಿ ಬಂದವರು ಇಬ್ಬರೇ. ಆ ರಾತ್ರಿ ಅಪ್ಪನೂ ಕಡಲಲ್ಲಿದ್ದರು. ಟಿವಿಯಲ್ಲಿ ‘ಮಂಗಳೂರು ಬಳಿ ಬೋಟ್ ದುರಂತ’ ಎಂದು ಬರುತ್ತಿತ್ತು, ಯಾವ ಬೋಟೆಂದು ಮೊದಲು ಹೇಳಲಿಲ್ಲ. ಅಮ್ಮ ಟಿವಿ ಆಫ್ ಮಾಡಿ ಅಂಗಳ ಗುಡಿಸಿದರು, ಮತ್ತೆ ಗುಡಿಸಿದರು. ಅಪ್ಪನ ಫೋನು ರೇಂಜಿಗೆ ಬಂದದ್ದು ಮರುದಿನ. ನಾನು ಹಡಗು ಎಂಜಿನಿಯರಿಂಗ್ ಓದಬೇಕೆಂದು ಹಟ ಹಿಡಿದದ್ದು ಆ ಎರಡು ದಿನಗಳ ನಂತರವೇ.

ಹಾಗಾಗಿ ಈ ಸಲ ಬಿಡಲಿಲ್ಲ. ಬಲೆ ಎಳೆಯುತ್ತಿರುವ ಬೋಟಿಗೆ ಎಂಜಿನ್ ಹಡಗೂ ದಾರಿ ಬಿಡಬೇಕು, ಹಾಯಿದೋಣಿಯೂ ದಾರಿ ಬಿಡಬೇಕು, ಅದೇ ನಿಯಮ 18ರಲ್ಲಿ ಉಂಟು ಎಂದೆ. ಅಪ್ಪನಿಗೆ ಖುಷಿಯಾಯಿತು. ‘ಹೌದಾ? ನಮಗಾ?’ ಆದರೆ ಬಂದರಿನ ಚಾನೆಲ್ಲಿನಲ್ಲಿ ಬಲೆ ಹಾಕಿ ಯಾರಿಗೂ ಅಡ್ಡ ನಿಲ್ಲುವ ಹಾಗಿಲ್ಲ, ಬಲೆ ಒಳಗೆಳೆದು ದಕ್ಕೆಗೆ ವಾಪಸು ಬರುವಾಗ ನೀವೂ ಬರೀ ಒಂದು ಎಂಜಿನ್ ಬೋಟು ಎಂದೆ. ‘ಅದು ಸರಿ ಇಲ್ಲ’ ಎಂದರು. ಆಮೇಲೆ ಕೇಳಿದೆ, ರಾತ್ರಿ ಬಲೆ ಎಳೆಯುವಾಗ ಹಡಗಿನವರಿಗೆ ಅದು ಹೇಗೆ ಗೊತ್ತಾಗಬೇಕು, ಯಾವ ದೀಪ ಹಾಕುತ್ತೀರಿ?

ಅಪ್ಪ ವಿಡಿಯೊ ಕಾಲ್‌ನಲ್ಲಿ ತೋರಿಸಿದರು. ಕೆಂಪು, ನೀಲಿ, ಹಸಿರು ಮಿಣುಕುವ ಎಲ್‌ಇಡಿ ಸರ, ಕಟೀಲು ಜಾತ್ರೆಯ ಐಸ್‌ಕ್ರೀಂ ಅಂಗಡಿಯ ಹಾಗೆ. ‘ದೂರದಿಂದ ಚಂದ ಕಾಣುತ್ತದೆ’ ಎಂದರು. ಚಂದ ಕಾಣುತ್ತದೆ, ಆದರೆ ಹಡಗಿನ ಕೋಣೆಯಲ್ಲಿ ನಿಂತವರಿಗೆ ಆ ಸರ ಏನನ್ನೂ ಹೇಳುವುದಿಲ್ಲ. ಟ್ರಾಲ್ ಬಲೆ ಎಳೆಯುವ ಬೋಟು ಒಂದರ ಕೆಳಗೊಂದು ಎರಡು ದೀಪ ಹಾಕಬೇಕು, ಸುತ್ತಲೂ ಕಾಣುವ ಹಾಗೆ. ಮೇಲೆ ಹಸಿರು, ಕೆಳಗೆ ಬಿಳಿ. ಅದನ್ನು ನೋಡಿದ ಯಾವ ದೇಶದ ನಾವಿಕನಿಗೂ ‘ಇವನ ಹಿಂದೆ ಬಲೆ ಉಂಟು, ಇವನು ಬೇಗ ತಿರುಗಲಾರ’ ಎಂದು ಗೊತ್ತಾಗುತ್ತದೆ. ನಾನು ಸೌತಾಂಪ್ಟನ್‌ನಲ್ಲಿ ಆ ಹುಡುಗನಿಗೆ ಕೊಡಬೇಕಿದ್ದ ಉತ್ತರವೂ ಸುಮಾರು ಇದೇ. ಯಾರು ತಿರುಗಲಾರರೋ, ಯಾರು ನಿಲ್ಲಲಾರರೋ, ಅವರನ್ನು ನೋಡಿಯೇ ಆ ಪುಸ್ತಕ ಬರೆದ ಹಾಗಿದೆ. ಬಲೆ ಎಳೆಯುವ ಅಪ್ಪನೂ ಚಾನೆಲ್ ಬಿಟ್ಟು ಸರಿಯಲಾಗದ ಟ್ಯಾಂಕರಿನ ಕ್ಯಾಪ್ಟನ್ನೂ ಅದರಲ್ಲಿ ಒಂದೇ ಕಡೆಯವರು. ಆ ಸಂಜೆ ನನಗೆ ಅದು ಹೊಳೆದಿರಲಿಲ್ಲ. ‘ಮೊದಲು ಕಾಫಿ ಕುಡಿ’ ಎಂದಷ್ಟೇ ಹೇಳಿದ್ದೆ.

ಕಾಗದದ ಮೇಲೆ ಕಂಬ ಬಿಡಿಸಿ, ಎರಡು ವೃತ್ತ ಹಾಕಿ, ಬಣ್ಣದ ಹೆಸರು ಬರೆದು ಅಪ್ಪನಿಗೆ ವಾಟ್ಸ್‌ಆ್ಯಪ್ ಮಾಡಿದೆ. ‘ಯಜಮಾನರಿಗೆ ಹೇಳಿ ನೋಡುತ್ತೇನೆ’ ಎಂದರು. ಅದರ ಅರ್ಥ ಸಾಮಾನ್ಯವಾಗಿ ‘ಆಗುವುದಿಲ್ಲ’.

ಜುಲೈ 31ರ ರಾತ್ರಿ, ಬೋಟುಗಳೆಲ್ಲ ಡೀಸೆಲ್, ಐಸ್ ತುಂಬಿಕೊಂಡು ಬೆಳಗಾಗುವುದನ್ನು ಕಾಯುತ್ತಿದ್ದಾಗ ಒಂದು ಫೋಟೊ ಬಂತು. ಬಣ್ಣದ ಸರ ಇರಲಿಲ್ಲ. ಕಂಬಕ್ಕೆ ಹೊಸ ಎರಡು ದೀಪ ಬಿಗಿದಿದ್ದರು. ಮೇಲೆ ಬಿಳಿ, ಕೆಳಗೆ ಹಸಿರು.

ತಲೆಕೆಳಗಾಗಿದೆ, ಹೊರಡುವ ಮೊದಲು ಬದಲಿಸಿ ಎಂದು ಮೆಸೇಜ್ ಹಾಕಿದೆ. ಎರಡು ನೀಲಿ ಟಿಕ್ ಬರುವ ತನಕ ಮಲಗಲಿಲ್ಲ.